ಒಂದೇ ಹೆಸರು, ಎರಡು ಟೂಲ್: ‘ವಿಚ್’ ತೋರಿಸಿದ್ದು ಒಂದು, ಓಡಿದ್ದು ಇನ್ನೊಂದು

ಇದು ಮೊದಲು ನನಗೋಸ್ಕರ ಬರೆದುಕೊಳ್ಳುತ್ತಿರುವ ಟಿಪ್ಪಣಿ. ನಿನ್ನೆ ಸಂಜೆ ಎರಡು ಗಂಟೆ ಒದ್ದಾಡಿದ ಮೇಲೆ ವಿಷಯ ತಲೆಗೆ ಹೋಯಿತು. ಬರೆದಿಡದೇ ಹೋದರೆ ಇನ್ನೆರಡು ತಿಂಗಳಿಗೆ ಮತ್ತೆ ಅದೇ ಎರಡು ಗಂಟೆ ಹಾಳು, ಅದು ಗ್ಯಾರಂಟಿ. ಟರ್ಮಿನಲ್ ತೆರೆಯುವುದು, ಫೋಲ್ಡರ್ ಬದಲಿಸುವುದು ಗೊತ್ತಿದೆ ಅಂದುಕೊಂಡಿದ್ದೇನೆ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ನೀವು ಹೊಡೆಯುವಾಗ ಇಂಗ್ಲಿಷ್ ಅಕ್ಷರ ಬಳಸಿ.

## ಆಗಿದ್ದು ಇಷ್ಟು

ಜೇಸನ್ ಫೈಲ್‌ನಿಂದ (ಮಾಹಿತಿಯನ್ನು ಹೆಸರು-ಬೆಲೆ ಜೋಡಿಗಳಾಗಿ ಬರೆದಿಡುವ ಫೈಲ್) ಬೇಕಾದ್ದನ್ನು ಹೆಕ್ಕಲು ಜೆಕ್ಯೂ ಅನ್ನೋ ಟೂಲ್ ಇದೆ. ನನ್ನ ಲಿನಕ್ಸ್‌ನಲ್ಲಿ ಮೊದಲೇ ಇದ್ದದ್ದು 1.6. ನನಗೆ ಬೇಕಿದ್ದ ‘ಪಿಕ್’ ಫಂಕ್ಷನ್ ಬಂದಿದ್ದು 2023ರ 1.7ರಲ್ಲಿ. ಹಳೆಯದರಲ್ಲಿ ಅದನ್ನು ಬಳಸಿದರೆ ‘ಪಿಕ್/1 ಈಸ್ ನಾಟ್ ಡಿಫೈನ್ಡ್’ ಅನ್ನುತ್ತದೆ. ಸರಿ ಅಂತ 1.7 ಡೌನ್‌ಲೋಡ್ ಮಾಡಿದೆ. ಓಡಿಸುವ ಪರ್ಮಿಷನ್ ಕೊಟ್ಟೆ. /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಜೆಕ್ಯೂ ಅನ್ನೋ ಹೆಸರಲ್ಲೇ ಇಟ್ಟೆ. ಅದೇ ಕಿಟಕಿಯಲ್ಲಿ ಅದೇ ಕಮಾಂಡ್ ಮತ್ತೆ ಹೊಡೆದೆ. ಅದೇ ಎರರ್. ಆ ಹೆಸರಿನ ಟೂಲ್ ಎಲ್ಲಿದೆ ಅಂತ ಹೇಳುವ ‘ವಿಚ್’ ಕಮಾಂಡ್ ಹೊಡೆದು ನೋಡಿದೆ.

```
$ ವಿಚ್ ಜೆಕ್ಯೂ
/ಯುಎಸ್‌ಆರ್/ಲೋಕಲ್/ಬಿನ್/ಜೆಕ್ಯೂ
$ ಜೆಕ್ಯೂ --ವರ್ಷನ್
ಜೆಕ್ಯೂ-1.6
$ /ಯುಎಸ್‌ಆರ್/ಲೋಕಲ್/ಬಿನ್/ಜೆಕ್ಯೂ --ವರ್ಷನ್
ಜೆಕ್ಯೂ-1.7
```

ಮೊದಲನೇ ಕಮಾಂಡ್ ಹೊಸದು ಸಿಕ್ಕಿದೆ ಅನ್ನುತ್ತಿದೆ. ಎರಡನೇ ಕಮಾಂಡ್ ಹಳೆಯದನ್ನೇ ಓಡಿಸುತ್ತಿದೆ. ಡೌನ್‌ಲೋಡ್ ಕೆಟ್ಟಿರಬೇಕು ಅಂತ ಮೂರು ಸಲ ಅಳಿಸಿ ಮತ್ತೆ ಹಾಕಿದೆ. ಇನ್ನೊಂದು ಕಿಟಕಿ ತೆರೆದು ನೋಡಿದರೆ ಅಲ್ಲಿ 1.7! ಪಕ್ಕದ ಕಿಟಕಿಯಲ್ಲಿ ಇನ್ನೂ 1.6. ಇಲ್ಲಿಗೆ ತಲೆ ಪೂರ್ತಿ ಕೆಟ್ಟಿತು.

## ಶೆಲ್ ಹೆಸರನ್ನು ಎಲ್ಲೆಲ್ಲಿ ಹುಡುಕುತ್ತದೆ

ಶೆಲ್ ಅಂದರೆ ಟರ್ಮಿನಲ್‌ನಲ್ಲಿ ನಾವು ಹೊಡೆದದ್ದನ್ನು ಓದಿ ಓಡಿಸುವ ಪ್ರೋಗ್ರಾಂ, ನನ್ನದು ಬ್ಯಾಶ್. ನಾವು ಒಂದು ಹೆಸರು ಹೊಡೆದಾಗ ಬ್ಯಾಶ್ ಮೊದಲು ಏಲಿಯಾಸ್ (ಕಮಾಂಡ್‌ಗೆ ನಾವೇ ಕೊಟ್ಟ ಅಡ್ಡಹೆಸರು) ಇದೆಯಾ ನೋಡುತ್ತದೆ. ಆಮೇಲೆ ಫಂಕ್ಷನ್. ಆಮೇಲೆ ತನ್ನೊಳಗೇ ಇರುವ ಬಿಲ್ಟ್‌ಇನ್. ಯಾವುದೂ ಇಲ್ಲದಿದ್ದರೆ ಮಾತ್ರ ‘ಪಾತ್’ ಪಟ್ಟಿಯಲ್ಲಿರುವ ಫೋಲ್ಡರ್‌ಗಳ ಕಡೆ ಹೋಗುತ್ತದೆ. ಪಾತ್ ಅಂದರೆ ಕೋಲನ್ ಹಾಕಿ ಬೇರ್ಪಡಿಸಿದ ಫೋಲ್ಡರ್ ಹೆಸರುಗಳ ಒಂದು ಸಾಲು. ಎಡದಿಂದ ಬಲಕ್ಕೆ ನೋಡಿಕೊಂಡು ಹೋಗುತ್ತದೆ, ಮೊದಲು ಸಿಕ್ಕಿದ್ದನ್ನು ಓಡಿಸಿ ಸುಮ್ಮನಾಗುತ್ತದೆ. ಯಾವುದು ಹೊಸದು, ಯಾವುದು ಹಳೆಯದು ಅಂತ ಅದು ನೋಡುವುದೇ ಇಲ್ಲ.

ಬಿಲ್ಟ್‌ಇನ್ ವಿಷಯಕ್ಕೆ ಒಂದು ಅಡ್ಡಮಾತು. ಕಲಿಯುವಾಗ ಬರೆದ ಮೊದಲ ಸಿ ಪ್ರೋಗ್ರಾಂಗೆ ನಾನು ‘ಟೆಸ್ಟ್’ ಅಂತ ಹೆಸರಿಟ್ಟಿದ್ದೆ. ಓಡಿಸಿದರೆ ಏನೂ ಬರಲಿಲ್ಲ, ಎರರ್ ಕೂಡ ಇಲ್ಲ. ‘ಟೆಸ್ಟ್’ ಅನ್ನೋದು ಶೆಲ್‌ನ ಬಿಲ್ಟ್‌ಇನ್. ಅದು ಬಾಯಿ ಬಿಡದೆ ತನ್ನ ಕೆಲಸ ಮುಗಿಸಿ ಹೋಗುತ್ತಿತ್ತು. ನನ್ನ ಪ್ರೋಗ್ರಾಂ ತನಕ ಶೆಲ್ ಬರುತ್ತಲೇ ಇರಲಿಲ್ಲ. ಹೆಸರಿಗೆ ಮೊದಲು ಚುಕ್ಕೆ-ಸ್ಲ್ಯಾಶ್ ಹಾಕಿ ‘./ಟೆಸ್ಟ್’ ಅಂದಿದ್ದರೆ ಮುಗಿದುಹೋಗಿತ್ತು.

## ನಾನು ಎಡವಿದ ಜಾಗ: ಹ್ಯಾಶ್

ಮೇಲಿನ ಕ್ರಮ ನನಗೆ ಮೊದಲೇ ಗೊತ್ತಿತ್ತು. ನನ್ನ ಪಾತ್‌ನಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಮೊದಲು, /ಯುಎಸ್‌ಆರ್/ಬಿನ್ ಆಮೇಲೆ. ಹಾಗಾದರೆ ಹೊಸದೇ ಓಡಬೇಕು ಅಲ್ವಾ? ಗೊತ್ತಿಲ್ಲದೇ ಇದ್ದದ್ದು ಇದು: ಬ್ಯಾಶ್ ಪ್ರತಿ ಸಲ ಪಾತ್ ಹುಡುಕುವುದಿಲ್ಲ. ಒಂದು ಸಲ ಹುಡುಕಿ ಸಿಕ್ಕಿದ ಮೇಲೆ, ಆ ಹೆಸರಿನ ಮುಂದೆ ಪೂರ್ತಿ ವಿಳಾಸ ಬರೆದು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ನೇರ ಆ ವಿಳಾಸಕ್ಕೇ ಹೋಗುತ್ತದೆ. ಈ ನೆನಪಿನ ಪಟ್ಟಿಗೆ ಹ್ಯಾಶ್ ಟೇಬಲ್ ಅಂತ ಹೆಸರು. ಬರೀ ‘ಹ್ಯಾಶ್’ ಅಂತ ಹೊಡೆದರೆ ಪಟ್ಟಿ ಕಾಣುತ್ತದೆ. ನನಗೆ ಕಂಡಿದ್ದರಲ್ಲಿ ಬೇಕಾದ ಸಾಲು ಇದು:

```
$ ಹ್ಯಾಶ್
ಹಿಟ್ಸ್   ಕಮಾಂಡ್
   9    /ಯುಎಸ್‌ಆರ್/ಬಿನ್/ಜೆಕ್ಯೂ
```

ಹೊಸದನ್ನು ಹಾಕಿದ ಮೇಲೂ ಒಂಬತ್ತು ಸಲ ಹಳೇ ವಿಳಾಸಕ್ಕೇ ಹೋಗಿದೆಯೋ ಅಂದುಕೊಂಡೆ. ಹಾಗಲ್ಲ, ಹಾಕುವ ಮೊದಲು ಓಡಿಸಿದ್ದೂ ಅದರಲ್ಲಿ ಸೇರಿದೆ. ಆ ಮೊದಲಿನ ಓಟದಿಂದಲೇ ತೊಂದರೆ. ‘ಪಿಕ್’ ಇದೆಯಾ ಅಂತ ನೋಡಲು ಹಳೇ ಜೆಕ್ಯೂ ಓಡಿಸಿದ್ದೆನಲ್ಲ, ಆಗಲೇ /ಯುಎಸ್‌ಆರ್/ಬಿನ್ ವಿಳಾಸ ನೆನಪಿನಲ್ಲಿ ಕೂತುಬಿಟ್ಟಿತು. ಹೊಸ ಕಿಟಕಿ ಅಂದರೆ ಹೊಸ ಶೆಲ್. ಅದರ ನೆನಪು ಖಾಲಿ. ಹಾಗಾಗಿ ಅಲ್ಲಿ ಹುಡುಕಾಟ ಮೊದಲಿಂದ ನಡೆಯಿತು, 1.7 ಸಿಕ್ಕಿತು.

ಹಾಗಾದರೆ ‘ವಿಚ್’ ಯಾಕೆ ಹೊಸದನ್ನು ತೋರಿಸಿತು? ಬ್ಯಾಶ್ ಬಳಸುವವರಿಗೆ ‘ವಿಚ್’ ಸಾಮಾನ್ಯವಾಗಿ ಹೊರಗಿನ ಪ್ರೋಗ್ರಾಂ, ಜೆಕ್ಯೂ ಹಾಗೇ. ಶೆಲ್ ಅದಕ್ಕೆ ಪಾತ್ ಸಾಲನ್ನು ಕೊಟ್ಟು ಕಳಿಸುತ್ತದೆ ಅಷ್ಟೇ. ಶೆಲ್‌ನ ನೆನಪಿನ ಪಟ್ಟಿ ಅದಕ್ಕೆ ಕಾಣುವುದಿಲ್ಲ. ಏಲಿಯಾಸ್, ಫಂಕ್ಷನ್‌ಗಳೂ ಹಾಗೆ ತಾವಾಗಿ ಕಾಣುವುದಿಲ್ಲ. ಹಾಗಾಗಿ ಅದು ತಾನೇ ಹೊಸದಾಗಿ ಪಾತ್ ಹುಡುಕಿ ಉತ್ತರ ಹೇಳುತ್ತದೆ. ನಾವು ಕೇಳುವುದು ‘ಈಗ ಏನು ಓಡುತ್ತದೆ’ ಅಂತ. ಅದು ಹೇಳುವುದು ‘ಈಗ ಹುಡುಕಿದರೆ ಏನು ಸಿಗುತ್ತದೆ’ ಅಂತ. ಜಾಸ್ತಿ ದಿನ ಎರಡಕ್ಕೂ ಒಂದೇ ಉತ್ತರ ಬರುವುದರಿಂದ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. (ಜೀಶೆಲ್ ಅನ್ನೋ ಇನ್ನೊಂದು ಶೆಲ್‌ನಲ್ಲಿ ‘ವಿಚ್’ ಬಿಲ್ಟ್‌ಇನ್, ಅಲ್ಲಿ ಏಲಿಯಾಸ್ ಇದ್ದರೆ ಅದೂ ಕಾಣುತ್ತದೆ.)

ಸರಿಯಾದ ಪ್ರಶ್ನೆ ಕೇಳುವ ಕಮಾಂಡ್ ‘ಟೈಪ್’. ಇದು ಬಿಲ್ಟ್‌ಇನ್, ಶೆಲ್‌ನ ಒಳಗೇ ಕೂತಿರುವುದರಿಂದ ಎಲ್ಲ ಗೊತ್ತಿರುತ್ತದೆ.

```
$ ಟೈಪ್ ಜೆಕ್ಯೂ
ಜೆಕ್ಯೂ ಈಸ್ ಹ್ಯಾಶ್ಡ್ (/ಯುಎಸ್‌ಆರ್/ಬಿನ್/ಜೆಕ್ಯೂ)
```

ಆ ‘ಹ್ಯಾಶ್ಡ್’ ಅನ್ನೋ ಒಂದು ಪದ ಕಂಡಿದ್ದರೆ ನನ್ನ ಸಂಜೆ ಉಳಿಯುತ್ತಿತ್ತು. ನಿಜ ಹೇಳಬೇಕು ಅಂದರೆ ನಾನು ‘ಟೈಪ್’ ಕೂಡ ಬಳಸಿದ್ದೆ, ಆದರೆ ‘ಟೈಪ್ -ಎ’ ಅಂತ. ಅದೇ ಹೆಸರಿನ ಎಲ್ಲವನ್ನೂ ತೋರಿಸಲಿ ಅಂತ. ತೋರಿಸಿತು: ಮೊದಲು ಲೋಕಲ್, ಆಮೇಲೆ /ಯುಎಸ್‌ಆರ್/ಬಿನ್. ಹ್ಯಾಶ್ ಮಾತೇ ಇಲ್ಲ! ಕೈಪಿಡಿ ತೆಗೆದು ಓದಿದೆ. ‘-ಎ’ ಹಾಕಿದರೆ ಹ್ಯಾಶ್ ಟೇಬಲ್ ನೋಡುವುದಿಲ್ಲ ಅಂತ ಒಂದು ಸಾಲಿನಲ್ಲಿ ಬರೆದಿದ್ದಾರೆ. ಅಂದರೆ ಎಷ್ಟು ಜೆಕ್ಯೂ ಇವೆ ಅಂತ ಕೇಳಲು ‘-ಎ’ ಬೇಕು. ಯಾವುದು ಓಡುತ್ತದೆ ಅಂತ ಕೇಳಲು ‘-ಎ’ ಇರಬಾರದು. ನಾನಂತೂ ಈಗ ಎರಡನ್ನೂ ಹೊಡೆಯುತ್ತೇನೆ, ಮೊದಲು ಬರೀ ‘ಟೈಪ್’.

ಮದ್ದು ಒಂದೇ ಸಾಲು: ‘ಹ್ಯಾಶ್ -ಆರ್’. ನೆನಪು ಪೂರ್ತಿ ಖಾಲಿ. ಒಂದೇ ಹೆಸರು ಮರೆಸಬೇಕು ಅಂದರೆ ‘ಹ್ಯಾಶ್ -ಡಿ ಜೆಕ್ಯೂ’. ಜೀಶೆಲ್‌ನಲ್ಲಿ ‘ರೀಹ್ಯಾಶ್’.

ಇನ್ನೊಂದು ಗಂಟು ಇಲ್ಲೇ ಬಿಚ್ಚಿತು. ಹಿಂದೆ ಎಷ್ಟೋ ಸಲ ‘ಸೋರ್ಸ್ ~/.ಬ್ಯಾಶ್‌ಆರ್‌ಸಿ’ ಅಂತ ಹೊಡೆದ ಕೂಡಲೇ ಇಂಥ ತೊಂದರೆ ಮಾಯವಾಗಿತ್ತು. ಅದು ಬ್ಯಾಶ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್, ‘ಸೋರ್ಸ್’ ಅಂದರೆ ಅದನ್ನು ಈಗಲೇ ಮತ್ತೆ ಓದು ಅಂತ. ಆ ಫೈಲ್‌ನಲ್ಲಿ ನಾನು ಪಾತ್‌ಗೆ ಒಂದು ಫೋಲ್ಡರ್ ಸೇರಿಸುವ ಸಾಲು ಇದೆ. ಪಾತ್‌ಗೆ ಹೊಸ ಬೆಲೆ ಕೊಟ್ಟ ಕ್ಷಣ ಬ್ಯಾಶ್ ತನ್ನ ಹ್ಯಾಶ್ ಟೇಬಲ್ ಅಳಿಸಿಹಾಕುತ್ತದೆ. ಮದ್ದು ಅದೇ ಆಗಿತ್ತು, ನನಗೆ ಗೊತ್ತಿರಲಿಲ್ಲ ಅಷ್ಟೇ. ಈ ಸಲ ಪಾತ್ ಮುಟ್ಟದೆ, ಪಾತ್‌ನಲ್ಲಿ ಮೊದಲೇ ಇದ್ದ ಫೋಲ್ಡರ್‌ಗೆ ಸುಮ್ನೆ ಫೈಲ್ ಹಾಕಿದ್ದರಿಂದ ಸಿಕ್ಕಿಬಿದ್ದೆ.

ಇದೇ ಕಾಯಿಲೆಯ ಇನ್ನೊಂದು ಲಕ್ಷಣ: ಹಳೇ ಟೂಲ್ ಅಳಿಸಿದ ಮೇಲೆ ಹೆಸರು ಹೊಡೆದರೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂತ ಹಳೇ ವಿಳಾಸವನ್ನೇ ಹೇಳುತ್ತದೆ. ಹೊಸದು ಕಣ್ಣ ಮುಂದೆ ಇದ್ದರೂ! ‘ಕಮಾಂಡ್ ನಾಟ್ ಫೌಂಡ್’ ಅಲ್ಲ, ಪೂರ್ತಿ ವಿಳಾಸದ ಜೊತೆ ಎರರ್ ಬಂದರೆ ಹ್ಯಾಶ್ ಮೇಲೆ ಅನುಮಾನ ಪಡಿ.

## ಮೂರು ಸಾಲು ಕಂಡರೆ ಗಾಬರಿ ಬೇಡ

‘ಟೈಪ್ -ಎ’ ನನಗೆ ಕೊನೆಯಲ್ಲಿ /ಬಿನ್/ಜೆಕ್ಯೂ ಅಂತ ಮೂರನೆಯದನ್ನೂ ತೋರಿಸಿತ್ತು. ಮೂರನೇ ಜೆಕ್ಯೂ ಎಲ್ಲಿಂದ ಬಂತು ಅಂತ ಅರ್ಧ ಗಂಟೆ ಹುಡುಕಿದೆ. ಈಗಿನ ಬಹಳಷ್ಟು ಲಿನಕ್ಸ್‌ಗಳಲ್ಲಿ /ಬಿನ್ ಅನ್ನೋದು /ಯುಎಸ್‌ಆರ್/ಬಿನ್‌ಗೆ ಹಾಕಿದ ಲಿಂಕ್. ಒಂದೇ ಫೈಲ್, ಎರಡು ದಾರಿ. ‘ರೀಡ್‌ಲಿಂಕ್ -ಎಫ್’ ಜೊತೆ ವಿಳಾಸ ಕೊಟ್ಟರೆ ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಹೇಳುತ್ತದೆ.

## ಹೆಸರು ಒಂದೇ, ಟೂಲೇ ಬೇರೆ

ನನ್ನದು ಒಂದೇ ಟೂಲ್‌ನ ಎರಡು ವರ್ಷನ್. ಕೆಲವು ಕಡೆ ಸಂಬಂಧವೇ ಇಲ್ಲದ ಎರಡು ಟೂಲ್‌ಗಳಿಗೆ ಒಂದೇ ಹೆಸರು ಇರುತ್ತದೆ. ವಿಂಡೋಸ್‌ನ ‘ಫೈಂಡ್’ ಫೈಲ್ ಒಳಗಿನ ಪದ ಹುಡುಕುತ್ತದೆ, ಲಿನಕ್ಸ್‌ನ ‘ಫೈಂಡ್’ ಫೈಲನ್ನೇ ಹುಡುಕುತ್ತದೆ. ವಿಂಡೋಸ್‌ನ ‘ಕನ್ವರ್ಟ್’ ಡಿಸ್ಕ್ ಅನ್ನು ಎನ್‌ಟಿಎಫ್‌ಎಸ್‌ಗೆ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಬಗೆ) ಬದಲಿಸುವುದು, ಇಮೇಜ್‌ಮ್ಯಾಜಿಕ್‌ನ ‘ಕನ್ವರ್ಟ್’ ಚಿತ್ರಗಳನ್ನು ಬದಲಿಸುವುದು. ಇಮೇಜ್‌ಮ್ಯಾಜಿಕ್ 7ರಲ್ಲಿ ‘ಮ್ಯಾಜಿಕ್’ ಅನ್ನೋ ಕಮಾಂಡ್ ಇರುವುದರಿಂದ ಈ ಜಗಳ ತಪ್ಪಿಸಬಹುದು. ಡೆಬಿಯನ್ (ಒಂದು ಬಗೆಯ ಲಿನಕ್ಸ್) ನವರು ಇನ್ನೊಂದು ದಾರಿ ಹಿಡಿದರು, ಹೆಸರನ್ನೇ ಬದಲಿಸಿದರು. ‘ಬ್ಯಾಟ್’ ಟೂಲ್ ಅಲ್ಲಿ ‘ಬ್ಯಾಟ್‌ಕ್ಯಾಟ್’, ‘ಎಫ್‌ಡಿ’ ಅಲ್ಲಿ ‘ಎಫ್‌ಡಿಫೈಂಡ್’. ಇನ್‌ಸ್ಟಾಲ್ ಆಗಿದೆ ಆದರೆ ಕಮಾಂಡ್ ಇಲ್ಲ ಅಂತ ಕೂಗಾಡುವ ಮುಂಚೆ ಇದನ್ನು ನೋಡಿ.

ನನಗೆ ಬಹಳ ಇಷ್ಟವಾದದ್ದು ‘ಇಂಪೋರ್ಟ್’. ಪೈಥಾನ್ ಫೈಲ್‌ನ ಮೊದಲ ಸಾಲಿನಲ್ಲಿ ಶೆಬ್ಯಾಂಗ್ (ಯಾವ ಪ್ರೋಗ್ರಾಂನಿಂದ ಓಡಿಸಬೇಕು ಅಂತ ಹೇಳುವ ಗುರುತು) ಹಾಕಲು ಮರೆತು ನೇರ ಓಡಿಸಿದಿರಿ ಅಂದುಕೊಳ್ಳಿ. ಬ್ಯಾಶ್ ಅದನ್ನು ಶೆಲ್ ಸ್ಕ್ರಿಪ್ಟ್ ಅಂತಲೇ ಓದುತ್ತದೆ. ‘ಇಂಪೋರ್ಟ್ ಸಿಸ್’ ಅನ್ನೋ ಸಾಲು ಬರುತ್ತದೆ. ಇಮೇಜ್‌ಮ್ಯಾಜಿಕ್‌ನಲ್ಲಿ ‘ಇಂಪೋರ್ಟ್’ ಅಂದರೆ ಸ್ಕ್ರೀನ್‌ಶಾಟ್ ತೆಗೆಯುವ ಟೂಲ್! ಮೌಸ್ ಬಾಣ ಹೋಗಿ ಅಡ್ಡಗೆರೆ ಉದ್ದಗೆರೆ ಕೂಡಿದ ಗುರುತು ಬರುತ್ತದೆ. ಗಾಬರಿಯಲ್ಲಿ ಎಲ್ಲೋ ಕ್ಲಿಕ್ ಮಾಡುತ್ತೀರಿ. ಫೋಲ್ಡರ್‌ನಲ್ಲಿ ‘ಸಿಸ್’ ಅನ್ನೋ ಚಿತ್ರದ ಫೈಲ್ ಹುಟ್ಟಿಕೊಂಡಿರುತ್ತದೆ.

ಯಾವ ಪ್ಯಾಕೇಜ್ ಈ ಫೈಲ್ ತಂದಿತು ಅಂತ ತಿಳಿಯಲು ಡೆಬಿಯನ್, ಉಬುಂಟುಗಳಲ್ಲಿ ‘ಡಿಪಿಕೆಜಿ -ಎಸ್’ ಜೊತೆ ಪೂರ್ತಿ ವಿಳಾಸ ಕೊಡಿ. ದೊಡ್ಡಕ್ಷರದ ಎಸ್, ಸಣ್ಣದು ಹಾಕಿದರೆ ಬೇರೆ ಕೆಲಸ.

## ವಿಂಡೋಸ್, ಮ್ಯಾಕ್

ನಾನು ಕಡಿಮೆ ಬಳಸುವುದರಿಂದ ಚಿಕ್ಕದಾಗಿ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್’ ಎಲ್ಲ ಜಾಗಗಳನ್ನೂ ತೋರಿಸುತ್ತದೆ. ಪವರ್‌ಶೆಲ್‌ನಲ್ಲಿ ಅದೇ ಪದ ಬೇರೆ ಕಮಾಂಡ್‌ನ ಏಲಿಯಾಸ್, ಹೆಸರು ಪತ್ತೆ ಮಾಡುವ ಟೂಲ್‌ಗೇ ಹೆಸರಿನ ಗೊಂದಲ! ಅಲ್ಲಿ ‘ವೇರ್.ಇಎಕ್ಸ್‌ಇ’ ಅನ್ನಬೇಕು, ಇಲ್ಲವೇ ‘ಗೆಟ್-ಕಮಾಂಡ್ -ಆಲ್’. ಪಾತ್‌ನಲ್ಲಿ ಸಿಸ್ಟಮ್‌ನ ಪಟ್ಟಿ ಮೊದಲು, ನಮ್ಮ ಯೂಸರ್ ಪಟ್ಟಿ ಆಮೇಲೆ. ಹಾಗಾಗಿ ನಮ್ಮದನ್ನು ಎಷ್ಟು ಮೇಲಕ್ಕೆ ಎಳೆದರೂ ಸಿಸ್ಟಮ್‌ನದ್ದೇ ಗೆಲ್ಲುತ್ತದೆ.

ಫೈಲ್ ಒಳಗಿನ ಪದ ಬದಲಿಸುವ ‘ಸೆಡ್’ ಮ್ಯಾಕ್‌ನಲ್ಲಿ ಇರುವುದು ಬಿಎಸ್‌ಡಿ (ಯುನಿಕ್ಸ್‌ನ ಒಂದು ಕವಲು) ಬಳಗದ್ದು. ‘-ಐ’ (ಫೈಲನ್ನೇ ನೇರ ತಿದ್ದು ಅನ್ನೋ ಆಯ್ಕೆ) ಆದ ಮೇಲೆ ಬ್ಯಾಕಪ್ ಫೈಲ್ ಹೆಸರಿಗೆ ಸೇರಿಸುವ ಬಾಲ ಏನು ಅಂತ ಅದಕ್ಕೆ ಹೇಳಲೇಬೇಕು, ಬೇಡವಾದರೆ ಖಾಲಿ ಕೋಟ್ಸ್ ಕೊಡಬೇಕು. ಲಿನಕ್ಸ್‌ನಿಂದ ಕಾಪಿ ಮಾಡಿದ ಸಾಲು ಅಲ್ಲಿ ಕೈಕೊಡುವುದು ಇದರಿಂದಲೇ.

## ಎರಡನ್ನೂ ಇಟ್ಟುಕೊಳ್ಳುವುದು

/ಯುಎಸ್‌ಆರ್/ಬಿನ್‌ನಲ್ಲಿರುವುದನ್ನು ಕೈಯಾರೆ ಅಳಿಸಬೇಡಿ. ಸಿಸ್ಟಮ್‌ನ ಬೇರೆ ಸ್ಕ್ರಿಪ್ಟ್‌ಗಳು ಅದನ್ನು ನಂಬಿಕೊಂಡಿರಬಹುದು. ಹೊಸದಕ್ಕೆ ‘ಜೆಕ್ಯೂ17’ ಅಂತ ಬೇರೆ ಹೆಸರಿಡುವುದು ನನಗೆ ಎಲ್ಲಕ್ಕಿಂತ ಸಲೀಸು ಅನಿಸಿತು. ಏಲಿಯಾಸ್ ಹಾಕಬಹುದು, ಆದರೆ ಬ್ಯಾಶ್ ಸ್ಕ್ರಿಪ್ಟ್ ಒಳಗೆ ಏಲಿಯಾಸ್ ಸಾಮಾನ್ಯವಾಗಿ ನಡೆಯುವುದಿಲ್ಲ. ಸ್ಕ್ರಿಪ್ಟ್ ಅಂದರೆ ಪೂರ್ತಿ ವಿಳಾಸವೇ ಸರಿ.

ಅದನ್ನು ಗೊತ್ತಿದ್ದೂ ಮಾಡದೆ ಇವತ್ತು ಬೆಳಿಗ್ಗೆ ಮತ್ತೆ ಸಿಕ್ಕಿಬಿದ್ದೆ. ಸ್ಕ್ರಿಪ್ಟ್ ಕೈಯಿಂದ ಓಡಿಸಿದರೆ ಚೆನ್ನಾಗಿತ್ತು. ರಾತ್ರಿ ಅದನ್ನು ಕ್ರಾನ್‌ಗೆ (ಹೇಳಿದ ಹೊತ್ತಿಗೆ ತಾನೇ ಕಮಾಂಡ್ ಓಡಿಸುವ ಟೂಲ್) ಹಚ್ಚಿ ಮಲಗಿದೆ. ಎದ್ದು ಲಾಗ್ ನೋಡಿದರೆ ಅದೇ ‘ಪಿಕ್/1 ಈಸ್ ನಾಟ್ ಡಿಫೈನ್ಡ್’. ಹ್ಯಾಶ್ ಅಂತೂ ಅಲ್ಲ, ಕ್ರಾನ್ ಪ್ರತಿ ಸಲ ಹೊಸ ಶೆಲ್ ತೆರೆಯುತ್ತದೆ. ಕ್ರಾನ್‌ನಲ್ಲೇ ‘ಎಕೋ $ಪಾತ್’ ಓಡಿಸಿ ಫೈಲ್‌ಗೆ ಬರೆಸಿದೆ. ಬಂದಿದ್ದು ಎರಡೇ ಫೋಲ್ಡರ್: /ಯುಎಸ್‌ಆರ್/ಬಿನ್, /ಬಿನ್. ಲೋಕಲ್ ಆ ಪಟ್ಟಿಯಲ್ಲೇ ಇಲ್ಲ. ಕ್ರಾನ್‌ಟ್ಯಾಬ್‌ನ (ಕ್ರಾನ್ ಓದುವ ಪಟ್ಟಿಯ ಫೈಲ್) ತಲೆಯಲ್ಲಿ ಪಾತ್ ಸಾಲು ಸೇರಿಸಿ ಮತ್ತೆ ಹಚ್ಚಿದ್ದೇನೆ.