ಸೋಫಾದಿಂದ ಜಿಗಿದ ಪುಟ್ಟ ನಾಯಿ ಕುಂಟುತ್ತಿದೆ: ಕಾಯಬಹುದೇ, ನೋವಿನ ಮಾತ್ರೆ ಕೊಡಬಹುದೇ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದೇವೆ. ಮೂರು ವರ್ಷದ, ಸುಮಾರು ನಾಲ್ಕು ಕಿಲೋ ತೂಕದ ಪೊಮೆರೇನಿಯನ್ ನಾಯಿ ಸಾಕಿದ್ದೇವೆ. ಮೊನ್ನೆ ಸೋಫಾದಿಂದ ಜಿಗಿದ ಮೇಲೆ ಎಡ ಹಿಂಗಾಲನ್ನು ಎತ್ತಿಕೊಂಡು ಕುಂಟುತ್ತಿದೆ. ನಾಲ್ಕು ಹೆಜ್ಜೆ ಕುಂಟಿ ಮತ್ತೆ ಸರಿಯಾಗಿಯೇ ಓಡುತ್ತದೆ. ಊಟ ಬಿಟ್ಟಿಲ್ಲ. ಎರಡು ದಿನ ಕಾದು ನೋಡಬಹುದೇ? ಅಷ್ಟರಲ್ಲಿ ನಾವು ಮೈಕೈ ನೋವಿಗೆ ನುಂಗುವ ಮಾತ್ರೆಯ ಕಾಲು ಭಾಗವನ್ನು ಕೊಡಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಇಂದೇ ತಿಳಿದಿರಬೇಕಾದದ್ದು ಅದು. ಆ ಮಾತ್ರೆಯನ್ನು ಕೊಡಬೇಡಿ, ಕಾಲು ಭಾಗವನ್ನೂ ಕೊಡಬೇಡಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 400 ಮಿಲಿಗ್ರಾಂ ಐಬುಪ್ರೊಫೆನ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಅರುವತ್ತು ಕಿಲೋ ತೂಕದ ಮನುಷ್ಯ ಇಡೀ ಮಾತ್ರೆ ನುಂಗಿದರೆ ಅವನ ದೇಹದ ಪ್ರತಿ ಕಿಲೋಗೆ ಏಳು ಮಿಲಿಗ್ರಾಂಗಿಂತ ಕಡಿಮೆ ಔಷಧ ಸೇರುತ್ತದೆ. ನಿಮ್ಮ ನಾಲ್ಕು ಕಿಲೋ ನಾಯಿಗೆ ಕಾಲು ಭಾಗ ಕೊಟ್ಟರೂ ಪ್ರತಿ ಕಿಲೋಗೆ ಇಪ್ಪತ್ತೈದು ಮಿಲಿಗ್ರಾಂ ಸೇರುತ್ತದೆ. ಅದರ ಮೇಲೆ, ನಾಯಿಯ ದೇಹದಿಂದ ಈ ಔಷಧ ಹೊರಹೋಗುವುದು ನಮ್ಮ ದೇಹಕ್ಕಿಂತ ನಿಧಾನ. ಹೊಟ್ಟೆಯಲ್ಲಿ ಹುಣ್ಣು, ವಾಂತಿ, ಕಪ್ಪು ಮಲ, ಪ್ರಮಾಣ ಇನ್ನೂ ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು, ಇವು ಅದರ ಪರಿಣಾಮಗಳು. ಡೈಕ್ಲೋಫೆನಾಕ್ ಕೂಡ ನಾಯಿಯ ಹೊಟ್ಟೆಗೆ ಒಗ್ಗುವುದಿಲ್ಲ. ಪ್ಯಾರಾಸಿಟಮಾಲ್ ಪ್ರಮಾಣ ತಪ್ಪಿದರೆ ಯಕೃತ್ತಿಗೆ ಅಪಾಯ, ಮನೆಯಲ್ಲಿ ಬೆಕ್ಕೂ ಇದ್ದರೆ ಅದಕ್ಕೆ ಒಂದೇ ಮಾತ್ರೆ ಪ್ರಾಣಾಂತಿಕವಾಗಬಹುದು. ನೋವು ನಿವಾರಕ ಮುಲಾಮುಗಳನ್ನೂ ಹಚ್ಚಬಾರದು. ಹಚ್ಚಿದ ಹತ್ತೇ ನಿಮಿಷದಲ್ಲಿ ನಾಯಿ ಅದನ್ನು ನೆಕ್ಕಿರುತ್ತದೆ, ಅದರಲ್ಲಿರುವ ಕರ್ಪೂರ ಮತ್ತು ಮೀಥೈಲ್ ಸ್ಯಾಲಿಸಿಲೇಟ್ ನೇರವಾಗಿ ಹೊಟ್ಟೆಗೆ ಹೋಗುತ್ತವೆ. ಈಗಾಗಲೇ ಏನಾದರೂ ಕೊಟ್ಟಿದ್ದರೆ ಸಂಕೋಚ ಬೇಡ: ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು, ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರೆಂಬುದನ್ನು ಪಶುವೈದ್ಯರಿಗೆ ಹೇಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಮಾಡಬೇಡಿ.

ನಾಯಿಗಳಿಗೆಂದೇ ಇರುವ ನೋವಿನ ಔಷಧಗಳಿವೆ. ಮೆಲಾಕ್ಸಿಕ್ಯಾಂ, ಕಾರ್ಪ್ರೊಫೆನ್, ಫಿರೊಕಾಕ್ಸಿಬ್ ಮುಂತಾದವನ್ನು ವೈದ್ಯರು ತೂಕ ನೋಡಿ, ಅಗತ್ಯವಿದ್ದರೆ ರಕ್ತ ಪರೀಕ್ಷೆ ಮಾಡಿಸಿ ಬರೆದುಕೊಡುತ್ತಾರೆ. ಸ್ಟೀರಾಯ್ಡ್ ನಡೆಯುತ್ತಿರುವಾಗ ಇವುಗಳನ್ನು ಕೊಡುವಂತಿಲ್ಲ. ಆದ್ದರಿಂದ ಚರ್ಮದ ತುರಿಕೆಗೆಂದು ಹಿಂದಿನ ವಾರ ಬೇರೆ ಕಡೆ ಚುಚ್ಚುಮದ್ದು ಹಾಕಿಸಿದ್ದರೆ ಅದನ್ನೂ ಮರೆಯದೆ ತಿಳಿಸಬೇಕು.

ಇನ್ನು ಕಾಯುವ ವಿಚಾರ. ಕಾಯಬಹುದೋ ಇಲ್ಲವೋ ಎಂಬುದನ್ನು ಕುಂಟು ಎಷ್ಟು ಜೋರಾಗಿದೆ ಎಂಬುದಕ್ಕಿಂತ, ನಾಯಿ ಆ ಕಾಲಿನ ಮೇಲೆ ಭಾರ ಹಾಕುತ್ತಿದೆಯೇ ಎಂಬುದು ನಿರ್ಧರಿಸುತ್ತದೆ. ಹೆಜ್ಜೆ ಊರುತ್ತಿದೆ, ಊತವಿಲ್ಲ, ತಿನ್ನುತ್ತಿದೆ, ಚುರುಕಾಗಿದೆ ಎಂದಾದರೆ ಒಂದೆರಡು ದಿನ ಸಂಪೂರ್ಣ ವಿಶ್ರಾಂತಿ ಕೊಟ್ಟು ನೋಡಬಹುದು. ಕಾಲನ್ನು ನೆಲಕ್ಕೆ ತಾಗಿಸುವುದೇ ಇಲ್ಲವೆಂದಾದರೆ ಅದೇ ದಿನ ತೋರಿಸಬೇಕು. ಕಾಲು ಅಸಹಜ ಕೋನದಲ್ಲಿ ಜೋತಾಡುತ್ತಿದ್ದರೆ, ಮುಟ್ಟಿದೊಡನೆ ಕಿರುಚಿದರೆ, ಗಾಯದಲ್ಲಿ ಮೂಳೆ ಕಂಡರೆ ಗಂಟೆಗಳ ಲೆಕ್ಕ ಹಾಕದೆ ಹೊರಡಬೇಕು. ಸಣ್ಣ ತಳಿಗಳ ಮುಂಗಾಲಿನ ಮೂಳೆಗಳು ಪೆನ್ಸಿಲಿನಷ್ಟೇ ತೆಳ್ಳಗಿರುವುದರಿಂದ ಸೋಫಾದ ಎತ್ತರದಿಂದ ಬಿದ್ದರೂ ಮಣಿಕಟ್ಟಿನ ಮೇಲ್ಭಾಗದಲ್ಲಿ ಮುರಿಯಬಲ್ಲವು. ಆ ಭಾಗಕ್ಕೆ ರಕ್ತ ಸಂಚಾರ ಕಡಿಮೆ, ಬರೀ ಪಟ್ಟಿ ಕಟ್ಟಿದರೆ ಮೂಳೆ ಕೂಡಿಕೊಳ್ಳದೇ ಹೋಗುವ ಸಾಧ್ಯತೆ ಹೆಚ್ಚು. ಹೀಗಾಗಿ ವೈದ್ಯರು ಪ್ಲೇಟ್ ಹಾಕುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರೆ ಅದನ್ನು ಅನವಶ್ಯಕ ಖರ್ಚೆಂದು ತಳ್ಳಿಹಾಕಬೇಡಿ. ಎಲುಬು ಕೂರಿಸುವ ನಾಟಿ ವೈದ್ಯರ ಬಳಿ ಇಂಥ ಕಾಲನ್ನು ಎಳೆಸುವುದನ್ನಂತೂ ನಾನು ಸ್ಪಷ್ಟವಾಗಿ ಬೇಡವೆನ್ನುತ್ತೇನೆ.

ತುರ್ತಾಗಿ ಹೋಗಬೇಕಾದ ಇನ್ನೊಂದು ಸಂದರ್ಭ ಕುಂಟಿನಂತೆ ಕಂಡರೂ ಕಾಲಿನದಲ್ಲ. ಹಿಂಗಾಲುಗಳು ತೂರಾಡುತ್ತಿದ್ದರೆ, ಪಾದದ ಮೇಲ್ಭಾಗ ಮಗುಚಿ ನೆಲಕ್ಕೆ ಉಜ್ಜುತ್ತಿದ್ದರೆ, ಬೆನ್ನನ್ನು ಗೂನು ಮಾಡಿ ಎತ್ತಿಕೊಳ್ಳುವಾಗ ಕೂಗಿದರೆ ಅದು ಬೆನ್ನುಮೂಳೆಯ ಬಿಲ್ಲೆ ಜಾರಿರುವ ಸೂಚನೆಯಾಗಿರಬಹುದು. ಡ್ಯಾಶ್‌ಹುಂಡ್ ಸಾಕಿರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು, ಏಕೆಂದರೆ ಇಲ್ಲಿ ಒಂದು ರಾತ್ರಿಯ ತಡವೂ ನಾಯಿ ಮತ್ತೆ ನಡೆಯುವ ಅವಕಾಶವನ್ನು ಕಸಿದುಕೊಳ್ಳಬಹುದು.

ನಿಮ್ಮ ನಾಯಿಯ ಸ್ಥಿತಿ ಅಷ್ಟು ಗಂಭೀರವಾಗಿ ತೋರುವುದಿಲ್ಲ. ಆದರೂ ಮೊದಲು ಪಾದವನ್ನು ನೋಡಿ. ಮನೆಯ ಇನ್ನೊಬ್ಬರು ನಾಯಿಯನ್ನು ಮಡಿಲಲ್ಲಿ ಹಿಡಿದುಕೊಂಡಿರಲಿ, ನೀವು ಮೊಬೈಲಿನ ಟಾರ್ಚ್ ಹಾಕಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ. ಪೊಮೆರೇನಿಯನ್‌ನ ಪಾದದಡಿ ಕೂದಲು ದಟ್ಟವಾಗಿರುವುದರಿಂದ ಬೆರಳುಗಳ ಸಂದಿಯಲ್ಲಿ ಗಾಜಿನ ಚೂರು, ಒಣಗಿದ ಚ್ಯೂಯಿಂಗ್ ಗಮ್, ರಕ್ತ ಹೀರಿ ಬೂದುಬಣ್ಣಕ್ಕೆ ತಿರುಗಿ ಕಡಲೆಯಷ್ಟು ಊದಿದ ಉಣ್ಣೆ, ಇವೆಲ್ಲ ಮರೆಯಾಗಿ ಕೂತಿರುತ್ತವೆ. ಟೈಲ್ಸ್ ಮೇಲೆಯೇ ಓಡಾಡುವ ಫ್ಲ್ಯಾಟ್ ನಾಯಿಗಳ ಉಗುರು ಸವೆಯುವುದಿಲ್ಲ. ಒಳಬದಿಯ ಹೆಬ್ಬೆರಳ ಉಗುರಂತೂ ನೆಲಕ್ಕೇ ತಾಗದೆ ಸುತ್ತಿಕೊಂಡು ಬೆಳೆದು ಚರ್ಮದೊಳಗೆ ಚುಚ್ಚಿಕೊಳ್ಳುವುದುಂಟು. ಅಂಗಾಲಿನಲ್ಲಿ ಗುಳ್ಳೆ ಕಂಡರೆ ಬೇಸಗೆಯ ಮಧ್ಯಾಹ್ನ ಡಾಂಬರು ರಸ್ತೆಯಲ್ಲಿ ನಡೆಸಿದ್ದೀರಾ ಎಂದು ನೆನಪಿಸಿಕೊಳ್ಳಿ. ಎಷ್ಟೇ ಸಾಧು ನಾಯಿಯಾದರೂ ನೋವಿರುವ ಜಾಗ ಮುಟ್ಟಿದಾಗ ಕಚ್ಚಬಹುದು, ಗುರ್ರೆಂದರೆ ಅಲ್ಲಿಗೇ ನಿಲ್ಲಿಸಿ. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ನಮ್ಮದೇ ನಾಯಿ ಎಂದು ಸುಮ್ಮನಾಗದೆ ನಿಮ್ಮ ವೈದ್ಯರನ್ನು ಕಾಣಿ.

ಪಾದದಲ್ಲಿ ಏನೂ ಸಿಗದಿದ್ದರೆ, ನೀವು ಬರೆದಿರುವ "ನಾಲ್ಕು ಹೆಜ್ಜೆ ಕುಂಟಿ ಮತ್ತೆ ಸರಿಯಾಗಿ ಓಡುತ್ತದೆ" ಎಂಬ ಮಾತು ಮೊಣಕಾಲಿನ ಚಿಪ್ಪಿನ ಕಡೆಗೆ ಬೆರಳು ತೋರಿಸುತ್ತದೆ. ನಾಯಿಯ ಹಿಂಗಾಲಿನ ಮೊಣಕಾಲು ಹೊಟ್ಟೆಯ ಪಕ್ಕದಲ್ಲಿ, ತೊಡೆಯ ಕೆಳತುದಿಯಲ್ಲಿದೆ. ಅದರ ಮುಂದೆ ಸಣ್ಣ ಚಿಪ್ಪೊಂದು ತೊಡೆಮೂಳೆಯ ತೋಡಿನಲ್ಲಿ ಮೇಲೆ ಕೆಳಗೆ ಜಾರುತ್ತಿರುತ್ತದೆ. ಪೊಮೆರೇನಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್, ಟಾಯ್ ಪೂಡಲ್ ಮುಂತಾದ ತಳಿಗಳಲ್ಲಿ ಈ ತೋಡು ಹುಟ್ಟಿನಿಂದಲೇ ಆಳವಿಲ್ಲದೆ ಇರುವುದು ಸಾಮಾನ್ಯ. ಬಾವಿಯ ರಾಟೆಯಿಂದ ಹಗ್ಗ ಪಕ್ಕಕ್ಕೆ ಜಾರುವ ಹಾಗೆ ಚಿಪ್ಪು ತೋಡಿನಿಂದ ಒಳಬದಿಗೆ ಜಾರುತ್ತದೆ, ಆಗ ಮೊಣಕಾಲನ್ನು ಚಾಚಲಾಗದೆ ನಾಯಿ ಕಾಲನ್ನು ಎತ್ತಿಕೊಳ್ಳುತ್ತದೆ. ಕಾಲನ್ನು ಒಮ್ಮೆ ಹಿಂದಕ್ಕೆ ಝಾಡಿಸಿದಾಗ ಚಿಪ್ಪು ಮತ್ತೆ ತೋಡಿಗೆ ಬೀಳುತ್ತದೆ. ಏನೂ ಆಗಿಯೇ ಇಲ್ಲವೆಂಬಂತೆ ಓಟ ಮುಂದುವರಿಯುತ್ತದೆ.

ವೈದ್ಯರು ಇದನ್ನು ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ. ಮೊದಲ ಹಂತದಲ್ಲಿ ಬೆರಳಿನಿಂದ ಒತ್ತಿದರೆ ಮಾತ್ರ ಚಿಪ್ಪು ಜಾರಿ, ಬಿಟ್ಟೊಡನೆ ಒಳಗೆ ಬರುತ್ತದೆ. ಎರಡನೆಯದರಲ್ಲಿ ತಾನಾಗಿಯೇ ಜಾರಿ ತಾನಾಗಿಯೇ ಕೂರುತ್ತದೆ, ನೀವು ಹೇಳಿದ ಲಕ್ಷಣ ಬಹುತೇಕ ಇದಕ್ಕೆ ಹೊಂದುತ್ತದೆ. ಮೂರನೆಯದರಲ್ಲಿ ಹೆಚ್ಚಿನ ಹೊತ್ತು ಹೊರಗೇ ಇದ್ದು ಕೈಯಿಂದ ಕೂರಿಸಬೇಕಾಗುತ್ತದೆ, ನಾಲ್ಕನೆಯದರಲ್ಲಿ ಕೈಯಿಂದಲೂ ಕೂರುವುದಿಲ್ಲ. ಕೊನೆಯ ಎರಡು ಹಂತಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮೊದಲೆರಡರಲ್ಲಿ ತೂಕ ಇಳಿಸಿ, ತೊಡೆಯ ಸ್ನಾಯು ಬಲಪಡಿಸಿ, ಆಗಾಗ ಪರೀಕ್ಷಿಸುತ್ತ ವರ್ಷಗಟ್ಟಲೆ ಚೆನ್ನಾಗಿಯೇ ನಡೆಸಿಕೊಂಡು ಹೋಗಬಹುದು. ಆದರೆ ಕುಂಟು ತಾನಾಗಿ ನಿಲ್ಲುವುದರಿಂದಲೇ ಜನ ಇದನ್ನು ವಾಸಿಯಾಯಿತೆಂದು ತಿಳಿಯುತ್ತಾರೆ, ನನ್ನ ಆತಂಕವಿರುವುದೂ ಅಲ್ಲಿಯೇ. ಪ್ರತಿ ಸಲ ಜಾರಿದಾಗಲೂ ಕೀಲಿನಲ್ಲಿ ಮೂಳೆಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಮುಂದೊಂದು ದಿನ ಅದೇ ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು ಹರಿಯುವ ಸಂಭವವೂ ಹೆಚ್ಚುತ್ತದೆ. ಎರಡು ದಿನಗಳ ವಿಶ್ರಾಂತಿಯಿಂದ ಕುಂಟು ಪೂರ್ತಿ ಹೋದರೂ ಆ ವಾರದೊಳಗೆ ಒಮ್ಮೆ ಪಶುವೈದ್ಯರ ಕೈಯಿಂದ ಮೊಣಕಾಲನ್ನು ಮುಟ್ಟಿಸಿ ನೋಡಿ ಎಂದು ಹೇಳುವುದು ಇದಕ್ಕಾಗಿ.

ಮರಿ ನಾಯಿಗೆ ಇನ್ನೂ ಒಂದು ವರ್ಷ ತುಂಬಿರದಿದ್ದರೆ ತೊಡೆಮೂಳೆಯ ತಲೆಗೆ ರಕ್ತ ಪೂರೈಕೆ ನಿಂತು ಅದು ಕುಸಿಯುವ ಕಾಯಿಲೆಯನ್ನೂ ವೈದ್ಯರು ಎಕ್ಸ್‌ರೇಯಲ್ಲಿ ಹುಡುಕುತ್ತಾರೆ. ಇಂದು ಮುಂಗಾಲು, ನಾಳೆ ಹಿಂಗಾಲು ಎಂದು ಕುಂಟು ಜಾಗ ಬದಲಿಸುತ್ತಿದ್ದು ಜ್ವರವೂ ಇದ್ದರೆ ಉಣ್ಣೆ ಜ್ವರದ ರಕ್ತ ಪರೀಕ್ಷೆ ಮಾಡಿಸಬೇಕು. ನಾಯಿಯ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಆಗಿರುವುದರಿಂದ ಮೈ ಮುಟ್ಟಿ ಜ್ವರವೆಂದು ತೀರ್ಮಾನಿಸುವುದು ಸರಿಯಲ್ಲ.

ವೈದ್ಯರ ಬಳಿ ಹೋಗುವ ಮುನ್ನ ಒಂದು ಕೆಲಸವನ್ನು ತಪ್ಪದೆ ಮಾಡಿ. ಕ್ಲಿನಿಕ್ಕಿನ ವಾಸನೆಗೂ ಗದ್ದಲಕ್ಕೂ ಬೆದರಿದ ನಾಯಿ ಅಲ್ಲಿ ಕುಂಟುವುದನ್ನೇ ಮರೆತು ನೆಟ್ಟಗೆ ನಡೆದುಬಿಡುತ್ತದೆ. ಆದ್ದರಿಂದ ಮನೆಯಲ್ಲಿ ಜಾರದ ಚಾಪೆಯ ಮೇಲೆ ನಿಧಾನವಾಗಿ ನಡೆಸಿ, ಪಕ್ಕದಿಂದ, ಎದುರಿನಿಂದ, ಹಿಂದಿನಿಂದ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ನೋವು ಮುಂಗಾಲಿನದಾದರೆ ಆ ಕಾಲು ಊರುವಾಗ ತಲೆ ಮೇಲಕ್ಕೆ ಎಗರುತ್ತದೆ, ಹಿಂಗಾಲಿನದಾದರೆ ಆ ಬದಿಯ ಸೊಂಟ ಮೇಲೇಳುತ್ತದೆ. ಯಾವ ಕಾಲೆಂದು ಮನೆಯವರಲ್ಲೇ ಭಿನ್ನಾಭಿಪ್ರಾಯವಿದ್ದಾಗ ಈ ಚಿತ್ರಣವೇ ಅದನ್ನು ಬಗೆಹರಿಸುತ್ತದೆ. ಎಕ್ಸ್‌ರೇಗೆ ಅರಿವಳಿಕೆ ಬೇಕಾಗಬಹುದು; ಊಟ ಕೊಟ್ಟು ಬರಬೇಕೇ ಬೇಡವೇ ಎಂದು ಫೋನಿನಲ್ಲಿ ಮೊದಲೇ ಕೇಳಿ. ರಿಕ್ಷಾದಲ್ಲಿ ಒಯ್ಯುವಾಗ ತೊಡೆಯ ಮೇಲೆ ಕೂರಿಸಿಕೊಳ್ಳುವುದಕ್ಕಿಂತ ಬಟ್ಟೆ ಹಾಸಿದ ಪ್ಲಾಸ್ಟಿಕ್ ಬುಟ್ಟಿ ಅಥವಾ ಗಟ್ಟಿ ರಟ್ಟಿನ ಪೆಟ್ಟಿಗೆ ಒಳ್ಳೆಯದು. ಮನೆಯಲ್ಲಿಯೇ ಸ್ಕೇಲು, ಕೋಲು ಇಟ್ಟು ಕಾಲಿಗೆ ಪಟ್ಟಿ ಬಿಗಿಯಬೇಡಿ, ಅದು ಮುರಿತವನ್ನು ಇನ್ನಷ್ಟು ಕೆಡಿಸುತ್ತದೆ.

ಹತ್ತಿರದ ಕ್ಲಿನಿಕ್ಕಿನಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿಲ್ಲದಿದ್ದರೆ ಮುಂಬಯಿ ನಗರದೊಳಗೆ ದಾರಿಗಳಿವೆ. ಪರೇಲ್‌ನಲ್ಲಿ 1886ರಲ್ಲಿ ಆರಂಭವಾದ ಬಾಂಬೆ ವೆಟರ್ನರಿ ಕಾಲೇಜು ಮತ್ತು ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇವೆ. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ ತೆರೆದಿದೆ. ಡೊಂಬಿವಲಿಯಿಂದ ಅಷ್ಟು ದೂರ ಹೊರಡುವ ಮುನ್ನ ಫೋನ್ ಮಾಡಿ ಸಮಯ ಕೇಳಿಕೊಳ್ಳಿ.

ವಿಶ್ರಾಂತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ಚಿಕಿತ್ಸೆ ಸೋಲುವುದು ಇಲ್ಲಿಯೇ. ನಾಯಿಯನ್ನು ವಾಕಿಂಗಿಗೆ ಕರೆದೊಯ್ಯದೆ ಮನೆಯಲ್ಲಿ ಬಿಟ್ಟರೆ ಅದು ವಿಶ್ರಾಂತಿಯಲ್ಲ; ಬೆಲ್ ಆದಾಗಲೆಲ್ಲ ಬಾಗಿಲಿಗೆ ಓಡುವ, ಕಿಟಕಿಗೆ ಬಂದ ಪಾರಿವಾಳಕ್ಕೆ ಜಿಗಿಯುವ ನಾಯಿ ಹೊರಗೆ ಹೋಗುವುದಕ್ಕಿಂತ ಹೆಚ್ಚು ಕಾಲನ್ನು ದಣಿಸುತ್ತದೆ. ತಿರುಗಿ ಮಲಗಲು ಸಾಕಾಗುವಷ್ಟು ಜಾಗವಿರುವ ಕ್ರೇಟ್ ಅಥವಾ ಚಿಕ್ಕ ಮಕ್ಕಳ ಆಟದ ಬೇಲಿಯೊಳಗೆ, ಮನೆಯವರು ಕಣ್ಣಿಗೆ ಕಾಣುವ ಕಡೆ ಇರಿಸಿ. ಮೂತ್ರ ಮಲಕ್ಕೆಂದು ಮೂರು ಮಹಡಿ ಇಳಿಸಲೇಬೇಕಾದಾಗ ಎತ್ತಿಕೊಂಡೇ ಇಳಿಯಿರಿ: ಒಂದು ಕೈ ಎದೆಯಡಿ, ಇನ್ನೊಂದು ಕೈ ಪೃಷ್ಠದಡಿ, ನೋವಿನ ಕಾಲು ನಿಮ್ಮ ಮೈಗೆ ಒತ್ತದೆ ಹೊರಬದಿಗೆ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ಇಡಬಹುದು. ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಬಿಸಿ ಅರಸಿನದ ಪಟ್ಟು ಈ ಹಂತದಲ್ಲಿ ಬೇಡ, ಬಿಸಿ ಊತವನ್ನು ಹೆಚ್ಚಿಸುತ್ತದೆ. ಉಳುಕಾಗಿದ್ದರೆ ಎರಡು ಮೂರು ವಾರ, ಮೂಳೆ ಮುರಿದಿದ್ದರೆ ಆರರಿಂದ ಎಂಟು ವಾರ ಈ ಕಟ್ಟುನಿಟ್ಟು ಬೇಕಾಗುತ್ತದೆ. ನೋವಿನ ಔಷಧ ಶುರುವಾದೊಡನೆ ನಾಯಿ ಆಟಕ್ಕೆ ಹಾತೊರೆಯುತ್ತದೆ. ಅತ್ಯಂತ ಎಚ್ಚರ ಬೇಕಾದ ದಿನಗಳು ಅವು.

ಮಳೆಗಾಲದಲ್ಲಿ ಪಟ್ಟಿ ಕಟ್ಟಿದ ಕಾಲನ್ನು ಒಣಗಿಸಿಟ್ಟುಕೊಳ್ಳುವುದು ನಮ್ಮ ಊರಿನಲ್ಲಿ ನಿಜಕ್ಕೂ ಕಷ್ಟ. ಹೊರಗೆ ಹೋಗುವ ಐದು ನಿಮಿಷಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ, ಒಳಗೆ ಬಂದೊಡನೆ ತೆಗೆಯಿರಿ. ಹಾಗೆಯೇ ಬಿಟ್ಟರೆ ಬೆವರಿಗೆ ಚರ್ಮ ಕೊಳೆಯುತ್ತದೆ. ಪಟ್ಟಿಯ ತುದಿಯಲ್ಲಿ ಕಾಣುವ ಎರಡು ನಡುಬೆರಳುಗಳನ್ನು ದಿನಕ್ಕೆ ಎರಡು ಸಲ ನೋಡಿ: ಅವುಗಳ ಉಗುರುಗಳು ಒಂದಕ್ಕೊಂದು ದೂರ ಸರಿದಿದ್ದರೆ ಪಾದ ಊದಿದೆ, ಪಟ್ಟಿ ಬಿಗಿಯಾಗಿದೆ ಎಂದರ್ಥ. ಪಟ್ಟಿ ಒದ್ದೆಯಾದರೂ, ವಾಸನೆ ಬಂದರೂ ಅದೇ ದಿನ ಬದಲಿಸಬೇಕು. ಪಾದದಲ್ಲಿ ತೆರೆದ ಗಾಯವಿರುವ ನಾಯಿಯನ್ನು ನಿಂತ ಮಳೆನೀರಿಗೆ ಇಳಿಸಬಾರದು. ಇಲಿಗಳ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್ ಗಾಯದ ಮೂಲಕ ಒಳಹೊಕ್ಕು, ನಾಯಿಯಿಂದ ಮನೆಯವರಿಗೂ ಹರಡಬಲ್ಲದು. ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯಲ್ಲಿ ಅದೂ ಸೇರಿದೆಯೇ ಎಂದು ಪುಸ್ತಕ ತೆಗೆದು ನೋಡಿ.

ಕಾಲು ಸುಧಾರಿಸಿದ ಮೇಲೆ ಸೋಫಾದ ಮುಂದೆ ಅಗಲವಾದ ತಗ್ಗು ಮಣೆ, ನಾಯಿ ಓಡಾಡುವ ಟೈಲ್ಸ್ ಮೇಲೆ ಹಳೆಯ ಯೋಗ ಚಾಪೆ ಹಾಕಿ, ಪಾದದಡಿಯ ಕೂದಲನ್ನು ಕತ್ತರಿಸುತ್ತಿರಿ. ತೂಕದ ಮೇಲೆ ಕಣ್ಣಿಡಿ, ನಾಲ್ಕು ಕಿಲೋ ನಾಯಿ ಐದು ಕಿಲೋ ಆದರೆ ಮೊಣಕಾಲಿನ ಹೊರೆ ಕಾಲು ಭಾಗದಷ್ಟು ಹೆಚ್ಚಿದಂತೆ. ಚಹದ ಹೊತ್ತಿನ ಬಿಸ್ಕತ್ತು, ಊಟದ ಹೊತ್ತಿನ ಚಪಾತಿಯ ತುಂಡುಗಳೇ ಅದಕ್ಕೆ ಸಾಕು. ಚಿಪ್ಪು ಜಾರುವ ದೋಷ ಅನೇಕ ಸಲ ಎರಡೂ ಹಿಂಗಾಲುಗಳಲ್ಲಿರುವುದರಿಂದ ಬಲಗಾಲನ್ನೂ ಅದೇ ದಿನ ಪರೀಕ್ಷಿಸಲು ವೈದ್ಯರನ್ನು ಕೇಳಿ. ಇದು ವಂಶದಲ್ಲಿ ಇಳಿದು ಬರುವ ದೋಷವಾದ್ದರಿಂದ, ಪರೀಕ್ಷೆಯಲ್ಲಿ ಖಚಿತವಾದರೆ ನಿಮ್ಮ ನಾಯಿಯಿಂದ ಮರಿ ಮಾಡಿಸುವ ಯೋಚನೆಯನ್ನು ಕೈಬಿಡಿ.