ಮೂಗಿಗಿಂತ ಭಾರದ ಮೂಗುತಿ

ಕೋಡ್‌ನಲ್ಲಿ ಕಾಮೆಂಟ್ (ಓದುವವರಿಗಾಗಿ ಬರೆಯುವ ಟಿಪ್ಪಣಿ) ಜಾಸ್ತಿ ಬರೆದರೆ ಲೈಬ್ರರಿ ಫೈಲ್ ದಪ್ಪವಾಗುತ್ತದೆ ಎಂದು ನಂಬುವವರು ಇನ್ನೂ ಇದ್ದಾರೆ. ಸುಳ್ಳು. ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಕಾಮೆಂಟನ್ನು ಚಪ್ಪಲಿಯ ಹಾಗೆ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತದೆ.

ಲಿನಕ್ಸ್‌ನ ಶೇರ್ಡ್ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡಿನ ಫೈಲ್) ಊದಿಕೊಂಡಿದ್ದರೆ ಮೊದಲು ಡೀಬಗ್ ಮಾಹಿತಿಯನ್ನು, ಅಂದರೆ ತಪ್ಪು ಹುಡುಕಲು ನೆರವಾಗುವ ವಿವರಗಳನ್ನು ನೋಡಿ. ಫೈಲ್ ನಮೂನೆಯ ಹೆಸರು ಎಲ್ಫ್, ಡೀಬಗ್ ಮಾಹಿತಿಯ ಹೆಸರು ಡ್ವಾರ್ಫ್. ಕಿನ್ನರನ ಬೆನ್ನ ಮೇಲೆ ಕುಳ್ಳ! 'ಸ್ಟ್ರಿಪ್' ಎಂಬ ಕಮಾಂಡ್ ಆ ಕುಳ್ಳನನ್ನು ಇಳಿಸುತ್ತದೆ. ಸ್ಟ್ರಿಪ್ ಮಾಡದ ಒಂದು ಪ್ರತಿ ಇಟ್ಟುಕೊಳ್ಳಿ, ಪ್ರೋಗ್ರಾಂ ಕ್ರ್ಯಾಶ್ ಆದ ದಿನ ಬೇಕಾಗುತ್ತದೆ.

ಫೈಲ್ ಊದುವುದಕ್ಕೆ ಇನ್ನೊಂದು ಕಾರಣ, ನನಗೆ ಖುಷಿ ಕೊಡುವುದು, ರೀಲೊಕೇಶನ್ ಪಟ್ಟಿ. 90ರ ದಶಕದ ಆರಂಭದ ಲಿನಕ್ಸ್‌ನಲ್ಲಿ ಪ್ರತಿ ಲೈಬ್ರರಿಗೂ ಮೆಮೊರಿಯಲ್ಲಿ ಕಾಯಂ ಸೈಟು ಹಂಚುತ್ತಿದ್ದರು. ಒಬ್ಬರ ಜಾಗಕ್ಕೆ ಇನ್ನೊಬ್ಬರು ನುಗ್ಗದಂತೆ ಲೆಕ್ಕವನ್ನೂ ಇಡಬೇಕಿತ್ತು. ಈಗ ಎಲ್ಲರೂ ಬಾಡಿಗೆದಾರರೇ. ದಾಳಿಕೋರರಿಗೆ ಸಿಗದಿರಲಿ ಎಂದು ವಿಳಾಸವನ್ನು ಬೇಕಂತಲೇ ಬದಲಾಯಿಸುತ್ತಾರೆ. ಹಾಗಾಗಿ ಲೈಬ್ರರಿಯೊಳಗೆ ಬರೆದಿಟ್ಟ ವಿಳಾಸಗಳನ್ನು ಪ್ರತಿ ಸಲ ಲೋಡ್ ಆಗುವಾಗಲೂ ತಿದ್ದಬೇಕು. ಎಲ್ಲೆಲ್ಲಿ ತಿದ್ದಬೇಕು ಅನ್ನುವುದೇ ಈ ಪಟ್ಟಿ.

64 ಬಿಟ್ ಯಂತ್ರದಲ್ಲಿ ಒಂದು ವಿಳಾಸ 8 ಬೈಟ್. ಅದನ್ನು ತಿದ್ದಲು ಬರೆದ ನಮೂದು 24 ಬೈಟ್: ಎಲ್ಲಿ, ಯಾವ ಬಗೆ, ಎಷ್ಟು ಕೂಡಿಸಬೇಕು. ಮೂಗಿಗಿಂತ ಮೂಗುತಿ ಭಾರ ಅಲ್ವಾ?

ಸಿ++ ಲೈಬ್ರರಿಗಳಲ್ಲಿ ಇಂಥ ವಿಳಾಸಗಳು ಸಾಲುಸಾಲಾಗಿ ಕೂತಿರುತ್ತವೆ. ಒಂದೇ ಬೀದಿಯ ಮನೆಗಳಿಗೆ ಮದುವೆ ಕಾಗದ ಹಂಚುವಾಗ ಪ್ರತಿ ಲಕೋಟೆಗೂ ಪೂರ್ತಿ ವಿಳಾಸ ಯಾಕೆ? 'ಈ ಮನೆಯಿಂದ ಶುರು. ಕೊಡು, ಕೊಡು, ಬೇಡ, ಕೊಡು' ಅಂದರೆ ಸಾಕು. ಮೇಷ್ಟ್ರ ಹಾಜರಿ ಪುಸ್ತಕವೂ ಹಾಗೇ, ಹೆಸರು ಒಮ್ಮೆ, ಆಮೇಲೆ ಬರೀ ಟಿಕ್ಕು.

2017ರಲ್ಲಿ ಪ್ರಸ್ತಾಪವಾದ 'ರೆಲ್ಆರ್' ಎಂಬ, ಈ ಪಟ್ಟಿಯನ್ನು ಚಿಕ್ಕದಾಗಿ ಬರೆಯುವ ವಿಧಾನ ಮಾಡುವುದೂ ಇದನ್ನೇ. ಮೊದಲು ಒಂದು ವಿಳಾಸ. ಅದು ಯಾವಾಗಲೂ ಸಮಸಂಖ್ಯೆ, ಅಂದರೆ ಕೊನೆಯ ಬಿಟ್ 0. ಮುಂದಿನ 8 ಬೈಟ್‌ನ ಕೊನೆಯ ಬಿಟ್ 1 ಇದ್ದರೆ 'ನಾನು ವಿಳಾಸವಲ್ಲ, ಟಿಕ್ಕುಗಳ ಸಾಲು' ಎಂದರ್ಥ. ಉಳಿದ 63 ಬಿಟ್ ಮುಂದಿನ 63 ಮನೆಗಳಿಗೆ. ಎಷ್ಟು ಕೂಡಿಸಬೇಕೆಂಬುದು ಆಯಾ ಮನೆಯೊಳಗೇ ಇರುತ್ತದೆ. ಬಗೆ ಎಲ್ಲಕ್ಕೂ ಒಂದೇ, ಬರೆಯುವುದೇ ಬೇಡ. ಎಲ್ಲ ಮನೆಗೂ ಟಿಕ್ ಬಿದ್ದರೆ 63 ಗುಣಿಸು 24, ಅಂದರೆ 1,512 ಬೈಟ್‌ಗಳ ಕೆಲಸ 8 ಬೈಟ್‌ನಲ್ಲಿ ಮುಗಿಯಿತು!

ಲೈಬ್ರರಿಗಳನ್ನು ಲೋಡ್ ಮಾಡಿ ವಿಳಾಸ ತಿದ್ದುವ ಕೆಲಸ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯದು. ಅದಕ್ಕೆ ಈ ಭಾಷೆ ಬಂದದ್ದು 2022ರ 2.36 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಆವೃತ್ತಿ ಇರುವ ಯಂತ್ರಕ್ಕೂ ನಿಮ್ಮ ಲೈಬ್ರರಿ ಹೋಗಬೇಕಿದ್ದರೆ ಸದ್ಯಕ್ಕೆ ಮೂಗುತಿ ಹೊರುವುದೇ ಗತಿ. ಬೇರೆ ಲೈಬ್ರರಿಯ ಫಂಕ್ಷನ್ನನ್ನು ಹೆಸರು ಹಿಡಿದು ಹುಡುಕುವ ನಮೂದುಗಳಂತೂ ಹೊಸ ಯಂತ್ರದಲ್ಲೂ 24 ಬೈಟ್‌ನವೇ. ಪರ ಊರಿನವರ ಲಕೋಟೆಗೆ ಪೂರ್ತಿ ವಿಳಾಸ ಬೇಕೇ ಬೇಕು.