ಸಾಲ ತೀರಿಸಿದ್ದಾಯ್ತು, ಮನೆ ಪತ್ರ ಇನ್ನೂ ಬ್ಯಾಂಕಿನಲ್ಲೇ ಇದೆ. ಕೇಳೋರು ಯಾರು?

ಪ್ರಶ್ನೆ: ಹೋಮ್ ಲೋನನ್ನು ಅವಧಿಗೆ ಮುಂಚೆಯೇ ಪೂರ್ತಿ ಕಟ್ಟಿ 75 ದಿನ ಆಯ್ತು. ಒರಿಜಿನಲ್ ಕ್ರಯಪತ್ರ ಇನ್ನೂ ಕೈಗೆ ಬಂದಿಲ್ಲ. ಬ್ರಾಂಚಿಗೆ ಹೋದರೆ "ಪತ್ರ ಬೇರೆ ಊರಿನ ಸ್ಟೋರೇಜ್‌ನಲ್ಲಿದೆ ಸಾರ್, ಬಂದ ತಕ್ಷಣ ಫೋನ್ ಮಾಡ್ತೀವಿ" ಅಂತಾರೆ. ನಾವು ಕಂತು ತಡ ಮಾಡಿದ್ರೆ ದಂಡ ಹಾಕ್ತಿದ್ರು. ಇವರು ತಡ ಮಾಡಿದ್ರೆ ಇವರಿಗೇನೂ ಇಲ್ವಾ?

ಉತ್ತರ: ಇದೆ. ತಡವಾದ ಪ್ರತಿ ದಿನಕ್ಕೂ 5,000 ರೂಪಾಯಿ.

ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸುತ್ತೋಲೆಯಲ್ಲಿ ಇದು ಬಂತು. ಸಾಲ ಪೂರ್ತಿ ತೀರಿದ ಅಥವಾ ಸೆಟಲ್‌ಮೆಂಟ್ ಆದ 30 ದಿನದೊಳಗೆ ಎಲ್ಲ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ಆಸ್ತಿಯ ಮೇಲೆ ಎಲ್ಲೆಲ್ಲಿ ಸಾಲದ ನಮೂದು ಮಾಡಿಸಿದ್ದಾರೋ ಅಲ್ಲೆಲ್ಲ ತೆಗೆಸಲೂಬೇಕು. 30 ದಿನ ದಾಟಿದರೆ ಯಾಕೆ ತಡ ಅಂತ ಅವರಾಗಿಯೇ ನಿಮಗೆ ತಿಳಿಸಬೇಕು, ಮತ್ತು ತಡಕ್ಕೆ ಅವರೇ ಕಾರಣವಾಗಿದ್ದರೆ ದಿನಕ್ಕೆ 5,000 ಕೊಡಬೇಕು. 2023ರ ಡಿಸೆಂಬರ್ 1ರಿಂದ ಈಚೆಗೆ ಪತ್ರ ವಾಪಸ್ ಕೊಡಬೇಕಾಗಿ ಬಂದ ಎಲ್ಲ ಪ್ರಕರಣಕ್ಕೂ ಇದು ಅನ್ವಯ. ಅಂದರೆ ನೀವು ಸಾಲ ತೆಗೆದದ್ದು 2010ರಲ್ಲೇ ಆಗಿರಲಿ, ತೀರಿದ್ದು ಯಾವಾಗ ಅನ್ನುವುದೇ ಮುಖ್ಯ.

ನಿಮ್ಮ ಲೆಕ್ಕ ಹಾಕಿದರೆ, 75ರಲ್ಲಿ 30 ಕಳೆದು 45 ದಿನ. ಈವರೆಗೆ 2,25,000 ರೂಪಾಯಿ. ಇದನ್ನು ಕೌಂಟರಿನಲ್ಲಿ ಬಾಯಿ ಬಿಟ್ಟು ಹೇಳಿದರೆ ಸಾಕು, ಎಷ್ಟೋ ಕಡೆ ಪತ್ರಕ್ಕೆ ಕಾಲು ಬರುತ್ತದೆ.

"ಅದು ಬರೀ ಗೈಡ್‌ಲೈನ್" ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಮತ್ತು 1934ರ ಆರ್‌ಬಿಐ ಕಾಯ್ದೆ ಕೊಟ್ಟ ಅಧಿಕಾರದಲ್ಲಿ ಹೊರಡಿಸಿದ ನಿರ್ದೇಶನ ಅದು. ಬ್ಯಾಂಕು, ಹೌಸಿಂಗ್ ಫೈನಾನ್ಸ್ ಕಂಪನಿ, ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಹಣಕಾಸು ಕಂಪನಿ) ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಸಣ್ಣ ಹಣಕಾಸು ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಡಿಸಿಸಿ ಬ್ಯಾಂಕು ಎಲ್ಲವೂ ಇದರೊಳಗೆ ಬರುತ್ತವೆ.

ಜಗಳ ಹುಟ್ಟುವುದು "ತಡಕ್ಕೆ ಅವರೇ ಕಾರಣವಾಗಿದ್ದರೆ" ಅನ್ನುವ ಆ ಮಾತಿನಲ್ಲಿ. ನೀವು ಹೋಗಿ ಕೇಳಿದ್ದಕ್ಕೆ ಸಾಕ್ಷಿ ಇಲ್ಲದಿದ್ದರೆ ನಾಳೆ "ಗ್ರಾಹಕರೇ ಬಂದಿರಲಿಲ್ಲ" ಅಂತ ಬರೆದು ಕೈ ತೊಳೆದುಕೊಳ್ಳಬಹುದು. ಜಂಟಿ ಸಾಲವಾಗಿದ್ದು ಹೆಂಡತಿಯ ಸಹಿ ಬಾಕಿ ಇದ್ದರೆ, ಕೇಳಿದ ಗುರುತಿನ ಚೀಟಿ ಕೊಡದೆ ಇದ್ದರೆ, ಆ ದಿನಗಳು ಲೆಕ್ಕಕ್ಕೆ ಬರದೆ ಹೋಗಬಹುದು. ಹಾಗಾಗಿ ಫೋನು, ವಾಟ್ಸಾಪ್ ಸಾಲದು. ಒಂದು ಕಾಗದ ಬರೆಯಿರಿ, ಕನ್ನಡದಲ್ಲೇ ಬರೆಯಿರಿ: ಇಂಥ ದಿನ ಸಾಲ ತೀರಿದೆ, ಇಂಥ ಪತ್ರಗಳು ಬರಬೇಕು, ನಾವು ಎಲ್ಲ ಸಾಲಗಾರರೂ ಬಂದು ಸಹಿ ಹಾಕಲು ತಯಾರಿದ್ದೇವೆ. ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಕೊಡದಿದ್ದರೆ ಬ್ಯಾಂಕಿನ ಅಧಿಕೃತ ದೂರು ಇಮೇಲಿಗೆ ಕಳಿಸಿ, ದೂರಿನ ನಂಬರ್ ಇಟ್ಟುಕೊಳ್ಳಿ.

ಇನ್ನೊಂದು ಕಡೆಯೂ ಎಡವುತ್ತಾರೆ. ನೀವು ಫೋರ್‌ಕ್ಲೋಷರ್ ಮೊತ್ತ, ಅಂದರೆ ಅವಧಿಗೆ ಮುಂಚೆ ಸಾಲ ಮುಗಿಸಲು ಬೇಕಾದ ಹಣ, ಕಟ್ಟಿ ಬಂದಿರುತ್ತೀರಿ, ಆದರೆ ಕೊನೇ ಒಂದೆರಡು ದಿನದ ಬಡ್ಡಿ ಅಂತಲೋ ಏನೋ ಖಾತೆಯಲ್ಲಿ ಐವತ್ತೋ ನೂರೋ ರೂಪಾಯಿ ಬಾಕಿ ನಿಂತಿರುತ್ತದೆ, ಅದನ್ನು ಯಾರೂ ನಿಮಗೆ ಹೇಳಿರುವುದಿಲ್ಲ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಸಾಲ ಇನ್ನೂ ಬದುಕಿದೆ, 30 ದಿನ ಶುರುವೇ ಆಗಿಲ್ಲ! ಬಾಕಿ ಸೊನ್ನೆ ಅಂತ ತೋರಿಸುವ ಸ್ಟೇಟ್‌ಮೆಂಟ್ ಮತ್ತು ಸಾಲ ಮುಗಿದ ಬಗ್ಗೆ ನೋ ಡ್ಯೂ ಪತ್ರ ಎರಡನ್ನೂ ಮೊದಲು ಕೈಗೆ ತೆಗೆದುಕೊಳ್ಳಿ.

ಇನ್ನು ಬೇರೆ ಊರಿನ ಸ್ಟೋರೇಜ್ ಕಥೆ. ಪತ್ರವನ್ನು ಅವರು ಎಲ್ಲಿ ಇಟ್ಟುಕೊಂಡಿದ್ದಾರೆ ಅನ್ನುವುದು ಅವರ ತಲೆನೋವು. ಸಾಲದ ಖಾತೆ ಇದ್ದ ಶಾಖೆಯಲ್ಲೇ ತೆಗೆದುಕೊಳ್ಳುವುದೋ, ಪತ್ರ ಇರುವ ಬೇರೆ ಕಚೇರಿಯಲ್ಲೋ ಅನ್ನುವ ಆಯ್ಕೆ ಸಾಲಗಾರನದು ಅಂತ ಸುತ್ತೋಲೆಯೇ ಹೇಳುತ್ತದೆ. ನೀವು ಹಾಸನದ ಶಾಖೆಯಲ್ಲಿ ಬೇಕು ಅಂದರೆ ಹಾಸನಕ್ಕೆ ತರಿಸಿ ಕೊಡಬೇಕು. ಈ ನಿಯಮ ಬಂದ ಮೇಲೆ ಸಾಲ ತೆಗೆದವರಿಗೆ ಮಂಜೂರಾತಿ ಪತ್ರದಲ್ಲೇ ವಾಪಸಾತಿಯ ಗಡುವು ಮತ್ತು ಜಾಗ ಎರಡನ್ನೂ ಬರೆದಿರಬೇಕು. ಆ ಪುಟ ತೆಗೆದು ನೋಡಿ.

ಪತ್ರ ಕಳೆದೇ ಹೋಗಿದ್ದರೆ? ಆಗುತ್ತದೆ, ಬ್ಯಾಂಕುಗಳು ವಿಲೀನವಾಗಿ, ಕಡತಗಳು ಊರೂರು ಸುತ್ತಿ, ನಡುವೆ ಮಾಯವಾಗುವುದುಂಟು. ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ಪತ್ರ ಕಳೆದರೆ ಅಥವಾ ಹಾಳಾದರೆ, ದೃಢೀಕೃತ ನಕಲು ಪಡೆಯಲು ನಿಮಗೆ ನೆರವಾಗುವುದು, ಅದರ ಖರ್ಚು ಭರಿಸುವುದು ಅವರ ಕೆಲಸ. ಅದಕ್ಕೆ ಅವರಿಗೆ ಇನ್ನೂ 30 ದಿನ ಸಿಗುತ್ತದೆ, ಒಟ್ಟು 60 ದಿನ ಆದಮೇಲೆ 5,000ದ ಲೆಕ್ಕ ಶುರು. ಇಷ್ಟು ಕೊಟ್ಟರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಮೂಲ ಕ್ರಯಪತ್ರ ಇಲ್ಲದ ಸೈಟನ್ನು ಕೊಳ್ಳುವವರು ಹೇಗೆ ಚೌಕಾಸಿ ಮಾಡುತ್ತಾರೆ ಅಂತ ಗೊತ್ತಲ್ವಾ? ಆ ನಷ್ಟಕ್ಕೆ ಗ್ರಾಹಕ ಆಯೋಗದಲ್ಲಿ ಬೇರೆ ಪರಿಹಾರ ಕೇಳುವ ಹಕ್ಕು ಹಾಗೇ ಉಳಿದಿರುತ್ತದೆ.

"ನಿಮ್ಮ ಕ್ರೆಡಿಟ್ ಕಾರ್ಡ್ ಬಾಕಿ ಇದೆ, ಅದಕ್ಕೇ ಪತ್ರ ಕೊಡಲ್ಲ" ಅನ್ನುವುದು ಇನ್ನೊಂದು ರಾಗ. ಅಥವಾ ನೀವು ತಮ್ಮನ ಸಾಲಕ್ಕೆ ಜಾಮೀನು ಹಾಕಿರುತ್ತೀರಿ, ಅದನ್ನು ಹಿಡಿದುಕೊಳ್ಳುತ್ತಾರೆ. ಒಪ್ಪಂದದಲ್ಲಿ ಅಂಥ ಶರತ್ತು ಇದ್ದರೆ ಇದನ್ನು ಸಾರಾಸಗಟಾಗಿ ತಪ್ಪು ಅನ್ನಲಾಗದು. ಆದರೆ ಬಾಯಿಮಾತಿನಲ್ಲಿ ತಡೆಹಿಡಿಯುವಂತಿಲ್ಲ. 2003ರಿಂದಲೂ ಇರುವ ಆರ್‌ಬಿಐನ ನ್ಯಾಯಯುತ ನಡವಳಿಕೆ ಸಂಹಿತೆ ಪ್ರಕಾರ ಯಾವ ಬಾಕಿ, ಎಷ್ಟು, ಯಾವ ದಾಖಲೆಯ ಆಧಾರದ ಮೇಲೆ ಪತ್ರ ಇಟ್ಟುಕೊಳ್ಳುತ್ತಿದ್ದೇವೆ ಅಂತ ವಿವರವಾಗಿ ನೋಟಿಸ್ ಕೊಡಬೇಕು. ನೋಟಿಸ್ ಎಲ್ಲಿ ಅಂತ ಕೇಳಿ.

ಪತ್ರ ಸಿಕ್ಕಿತು ಅಂತ ಖುಷಿಯಲ್ಲಿ ಮನೆಗೆ ಬಂದು ಬೀರುವಿನಲ್ಲಿಟ್ಟು ಮರೆಯುವವರೇ ಜಾಸ್ತಿ. ಐದಾರು ವರ್ಷ ಬಿಟ್ಟು ಮನೆ ಮಾರಲು ಹೋದಾಗ ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರದಲ್ಲಿ) ಹಳೇ ಸಾಲ ಹಲ್ಲು ಕಿರಿಯುತ್ತದೆ. ನಮ್ಮಲ್ಲಿ ಪತ್ರ ಅಡವಿಟ್ಟ ಬಗ್ಗೆ ಬ್ಯಾಂಕಿನವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎಂಒಡಿಟಿ ಅನ್ನುವ ದಾಖಲೆ ನೋಂದಣಿ ಮಾಡಿಸಿರುತ್ತಾರೆ. ಅದು ತಾನಾಗಿ ಅಳಿಸಿ ಹೋಗುವುದಿಲ್ಲ, ಬ್ಯಾಂಕಿನ ಅಧಿಕಾರಿ ಬಂದು ಸಾಲ ತೀರಿದ ಪತ್ರಕ್ಕೆ ಸಹಿ ಹಾಕಿ ನೋಂದಣಿ ಮಾಡಿಸಬೇಕು. ಅಡವಿಟ್ಟ ಆಸ್ತಿಗಳ ವಿವರ ಇಡುವ ಸರ್ಸಾಯ್ ಅನ್ನುವ ಕೇಂದ್ರ ನೋಂದಣಿಯಲ್ಲೂ ಒಂದು ನಮೂದು ಇರುತ್ತದೆ. ಇವನ್ನು ತೆಗೆಸುವುದಕ್ಕೂ ಅದೇ 30 ದಿನ, ತಡವಾದರೆ ಅದೇ 5,000. ಪತ್ರ ಕೇಳುವ ಕಾಗದದಲ್ಲೇ ಇದನ್ನೂ ಸೇರಿಸಿ. ಎರಡು ತಿಂಗಳು ಬಿಟ್ಟು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಹೊಸ ಇಸಿ ತೆಗೆದು ನೋಡಿಕೊಳ್ಳಿ. ಕಾರು, ಬೈಕಿನ ಸಾಲವಾದರೆ ಎನ್‌ಒಸಿ ಜತೆ ಫಾರ್ಮ್ 35 ಕೊಡುತ್ತಾರೆ, ಆರ್‌ಸಿಯಲ್ಲಿನ ಫೈನಾನ್ಸ್ ನಮೂದು ತೆಗೆಸಲು ಅದು ಬೇಕೇ ಬೇಕು.

ನಿಮ್ಮ ಸಾಲಗಳ ಚರಿತ್ರೆ ತೋರಿಸುವ ಸಿಬಿಲ್ ವರದಿ ಕೂಡ ಹೀಗೇ. ಸಾಲ ಮುಗಿದರೂ ವರದಿಯಲ್ಲಿ ಚಾಲ್ತಿ ಅಂತ ಇದ್ದರೆ ದೂರು ಕೊಡಿ. ಬ್ಯಾಂಕು 21 ದಿನದೊಳಗೆ ತಿದ್ದಿದ ಮಾಹಿತಿ ಕಳಿಸಬೇಕು, ದೂರು ಕೊಟ್ಟು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು, ನಿಜ. ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ ಅನ್ನುವುದನ್ನಾದರೂ ಬಳಸಿಕೊಳ್ಳಿ.

ಸಾಲಗಾರರು ತೀರಿಹೋದ ಮನೆಯವರೂ ಈ ಪ್ರಶ್ನೆ ಕೇಳುತ್ತಾರೆ. ವಾರಸುದಾರರಿಗೆ ಪತ್ರ ಕೊಡುವ ಕ್ರಮವನ್ನು ಸಾಲ ಕೊಟ್ಟವರು ಮೊದಲೇ ಗೊತ್ತುಮಾಡಿ ವೆಬ್‌ಸೈಟಿನಲ್ಲಿ ಹಾಕಿರಬೇಕು. ದಿನಕ್ಕೊಂದು ಹೊಸ ಕಾಗದ ಕೇಳಿ ಅಲೆದಾಡಿಸಿದರೆ ಆ ಪುಟವನ್ನೇ ಮುಂದಿಡಿ.

ಈ 5,000 ಯಾರಿಗೆ ಸಿಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಸುತ್ತೋಲೆ ಇರುವುದು ವೈಯಕ್ತಿಕ ಸಾಲಗಳಿಗೆ, ಅಂದರೆ ಮನೆ, ಸ್ವಂತ ಬಳಕೆಯ ವಾಹನ, ಶಿಕ್ಷಣ, ಸ್ವಂತ ಖರ್ಚಿಗೆ ಆಸ್ತಿ ಅಡವಿಟ್ಟ ಸಾಲ ಇಂಥವಕ್ಕೆ. ಅಂಗಡಿಯ ಓವರ್‌ಡ್ರಾಫ್ಟ್, ಬೆಳೆ ಸಾಲ ಇದರಲ್ಲಿ ಬರುವುದಿಲ್ಲ. ಊರಿನ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳು ಹೆಸರು ಕೇಳಲು ಬ್ಯಾಂಕಿನ ಹಾಗೇ ಇದ್ದರೂ ಆರ್‌ಬಿಐ ಕೈಕೆಳಗೆ ಇಲ್ಲ. ಅಲ್ಲಿನ ವಿವಾದಕ್ಕೆ ಸಹಕಾರ ಇಲಾಖೆಯ ದಾರಿ ಬೇರೆ ಇದೆ, ಗ್ರಾಹಕ ಆಯೋಗವೂ ಇದೆ. ಹಾಗಂತ ಇವರು ಪತ್ರ ಇಟ್ಟುಕೊಂಡೇ ಕೂರುವಂತಿಲ್ಲ. ಅಡಮಾನದ ಹಣ ಕಟ್ಟಿದವನಿಗೆ ಪತ್ರ ವಾಪಸ್ ಕೊಡಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 60ನೇ ಕಲಮೇ ಹೇಳುತ್ತದೆ, ಖಾಸಗಿಯಾಗಿ ಸಾಲ ಕೊಡುವವರಿಂದ ಹಿಡಿದು ಎಲ್ಲರಿಗೂ. ದಿನದ ದಂಡ ಮಾತ್ರ ಅದರಲ್ಲಿ ಇಲ್ಲ.

ಕಾಗದ ಕೊಟ್ಟು 30 ದಿನವಾದರೂ ಉತ್ತರ ಇಲ್ಲ, ಅಥವಾ ಉತ್ತರ ಒಪ್ಪುವಂತಿಲ್ಲ ಅಂದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ. ಆನ್‌ಲೈನ್‌ನಲ್ಲಿ ಸಿಎಂಎಸ್ ಪೋರ್ಟಲ್ ಇದೆ, ಫೀಸು ಇಲ್ಲ, ಅನುಮಾನ ಇದ್ದರೆ 14448ಕ್ಕೆ ಫೋನ್ ಮಾಡಿ ಕೇಳಬಹುದು. ವಕೀಲರ ಮೂಲಕ ಹಾಕಿದ ದೂರನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ನೀವೇ ಹಾಕಬೇಕು, ಇಲ್ಲವೇ ನೀವು ಅಧಿಕಾರ ಕೊಟ್ಟ, ವಕೀಲರಲ್ಲದ ಪ್ರತಿನಿಧಿ ಹಾಕಬೇಕು. ಅದೇ ವಿಷಯ ಕೋರ್ಟಿನಲ್ಲೋ ಗ್ರಾಹಕ ಆಯೋಗದಲ್ಲೋ ಬಾಕಿ ಇದ್ದರೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮೊದಲು ಇಲ್ಲಿ ಕೇಳಿ, ಆಗದಿದ್ದರೆ ಅಲ್ಲಿಗೆ ಹೋಗಿ ಅನ್ನುವುದು ನನ್ನ ಸಲಹೆ.

ಕೊನೆಗೆ ಪತ್ರ ಬಂತು ಅಂತ ಫೋನ್ ಬಂದ ದಿನ ಅವಸರ ಮಾಡಬೇಡಿ. ಸಾಲ ತೆಗೆಯುವಾಗ ಕೊಟ್ಟ ದಾಖಲೆಗಳ ಪಟ್ಟಿ ಹಿಡಿದುಕೊಂಡು ಹೋಗಿ, ಮೂಲ ಪತ್ರದ ಜತೆ ಹಿಂದಿನ ಮಾಲೀಕರ ಕ್ರಯಪತ್ರವೂ ಇದೆಯಾ ಅಂತ ಒಂದೊಂದೇ ಪುಟ ನೋಡಿ. ಸ್ವೀಕೃತಿ ಫಾರಂನಲ್ಲಿ "ಇನ್ನು ಯಾವ ತಕರಾರೂ ಇಲ್ಲ" ಅನ್ನುವ ಸಾಲು ಅಚ್ಚಾಗಿದ್ದರೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ "ತಡದ ಪರಿಹಾರ ಬಾಕಿ ಇದೆ" ಅಂತ ಪೆನ್ನಿನಲ್ಲಿ ಬರೆದು, ತಾರೀಕು ಹಾಕಿ ಸಹಿ ಮಾಡಿ, ಒಂದು ಫೋಟೋ ತೆಗೆದುಕೊಳ್ಳಿ.